ಮಾಜಾಳಿ ಗಡಿ ಮತ್ತು ನಮ್ಮ ಫೋನು

ಕಾರವಾರದ ದೂರವಾಣಿ ಕೋಡ್ 08382, ಗೋವಾದ್ದು 0832. ಒಂದೇ ಒಂದು ಅಂಕಿಯ ವ್ಯತ್ಯಾಸ. ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಮುಗಿದರೆ ಪೋಳೆಂ. ಮೀನಿಗೆ, ಮದುವೆಗೆ, ಕೆಲಸಕ್ಕೆ, ಆಸ್ಪತ್ರೆಗೆ ನಮ್ಮವರು ಆಚೀಚೆ ಓಡಾಡುತ್ತಲೇ ಇದ್ದಾರೆ. ಆದರೆ ದೂರಸಂಪರ್ಕದ ನಕ್ಷೆಯಲ್ಲಿ ಗೋವಾ ಮಹಾರಾಷ್ಟ್ರ ಸರ್ಕಲ್ಲಿಗೆ ಸೇರಿದ್ದು, ಕಾರವಾರ ಕರ್ನಾಟಕ ಸರ್ಕಲ್ಲಿಗೆ. ಈ ಗೆರೆಗಾಗಿ ನಮ್ಮ ಜನ ಎಷ್ಟು ದುಡ್ಡು ತೆತ್ತಿದ್ದಾರೆ ಎಂಬುದನ್ನು ಯಾರೂ ಲೆಕ್ಕ ಇಟ್ಟಿಲ್ಲ.

ಶಾಲೆ ಆರಂಭವಾದ ಕಾಲಕ್ಕೆ ಫೋನೆಂದರೆ ಸರ್ಕಾರದ ಅಂಚೆ-ತಂತಿ ಇಲಾಖೆ. 1885ರ ಟೆಲಿಗ್ರಾಫ್ ಕಾಯ್ದೆ ಆ ಹಕ್ಕನ್ನು ಸರ್ಕಾರಕ್ಕೇ ಕೊಟ್ಟಿತ್ತು. ಮುಂಬೈಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಮನೆಗೆ ಸಂಪರ್ಕ ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. 1985ರಲ್ಲಿ ಅಂಚೆಯಿಂದ ದೂರಸಂಪರ್ಕ ಬೇರೆಯಾಯಿತು. ಮರುವರ್ಷ ಸಿ-ಡಾಟ್ ಸಂಸ್ಥೆ ತಯಾರಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಎ.ಸಿ. ಇಲ್ಲದೆ, ಧೂಳು ಸೆಖೆ ತಡೆದು ನಡೆಯುವ ಯಂತ್ರ ಅದು. ಕಿತ್ತೂರೆಂದರೆ ಚೆನ್ನಮ್ಮ ಎಂದಷ್ಟೇ ಓದಿದ ನಮಗೆ ಇದನ್ನೂ ಹೇಳಿಕೊಡಬೇಕಿತ್ತು.

ಆಮೇಲೆ ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ ದರ ಇಳಿಯುತ್ತದೆಂದು ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದರು. ಮೀಟರಿನ ಕೆಂಪು ಅಂಕಿ ನೋಡುತ್ತಲೇ ಮಾತಾಡಿ ಮುಗಿಸುವುದು ನಮ್ಮ ಹಿರಿಯರಿಗೆ ರೂಢಿಯಾಗಿತ್ತು.

1994ರ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. 1995ರಲ್ಲಿ ಮೊಬೈಲ್ ಬಂತು. ಸರ್ಕಲ್ಲಿಗೆ ಎರಡೇ ಖಾಸಗಿ ಕಂಪನಿ, ನಿಮಿಷಕ್ಕೆ ಹದಿನಾರು ರೂಪಾಯಿವರೆಗೂ ದರ, ಮೇಲಿಂದ ಬಂದ ಕರೆಗೂ ದುಡ್ಡು. ಇಬ್ಬರೇ ಅಂಗಡಿಯವರಿರುವ ಸಂತೆಯಲ್ಲಿ ಚೌಕಾಸಿ ನಡೆಯುವುದಿಲ್ಲವಷ್ಟೆ. 1997ರಲ್ಲಿ ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರ ಹುಟ್ಟಿತು. 2000ದ ಅಕ್ಟೋಬರ್ 1ಕ್ಕೆ ಬಿ.ಎಸ್.ಎನ್.ಎಲ್. ಆಯಿತು, 2002ರಲ್ಲಿ ಅದರ ಮೊಬೈಲ್, ಆ ವರ್ಷದ ಕೊನೆಗೆ ರಿಲಯನ್ಸ್. ದರ ಕುಸಿಯತೊಡಗಿತು.

ದರ ಇಳಿದದ್ದು ಕಂಪನಿಗಳ ಜಗಳದಿಂದ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ನನ್ನ ಮಟ್ಟಿಗೆ ದೊಡ್ಡ ದಿನ 2003ರ ಮೇ 1. ಅಂದಿನಿಂದ ಬರುವ ಕರೆ ಉಚಿತವಾಯಿತು. ಕರೆ ಮಾಡಿದವನ ಕಂಪನಿಯೇ ಕರೆ ಮುಟ್ಟಿಸಿದ ಕಂಪನಿಗೆ ನಿಮಿಷದ ಲೆಕ್ಕದಲ್ಲಿ ಕೊಡಬೇಕೆಂದು ಟ್ರಾಯ್ ನಿಯಮ ಮಾಡಿತು. ಅದರಿಂದಾಗಿ ಮೀನುಗಾರನೂ ಕೂಲಿಯವನೂ ಬರೀ ಕರೆ ತೆಗೆದುಕೊಳ್ಳಲಿಕ್ಕೆ ಫೋನ್ ಇಟ್ಟುಕೊಳ್ಳಬಹುದಾಯಿತು. ಮಿಸ್ಡ್ ಕಾಲ್ ಎಂಬ ನಮ್ಮ ಜಾಣತನ ಊರೂರಿಗೆ ಹಬ್ಬಿದ್ದೂ ಹೀಗೆ: "ಬೋಟು ಬಂತು" ಎನ್ನಲು ಎರಡು ರಿಂಗು ಸಾಕು.

ಆ ಸಂದಾಯದ ದರ 30 ಪೈಸೆಯಿಂದ 2009ರಲ್ಲಿ 20ಕ್ಕೆ, 2015ರಲ್ಲಿ 14ಕ್ಕೆ, 2017ರಲ್ಲಿ 6ಕ್ಕೆ ಇಳಿದು 2021ರ ಜನವರಿಗೆ ಸೊನ್ನೆಯಾಯಿತು. ದರ ಹೆಚ್ಚಿದ್ದರೆ ಗಿರಾಕಿ ಹೆಚ್ಚಿರುವ ಹಳೆಯ ಕಂಪನಿಗೆ ಲಾಭ. ಹೊಸಬ ಮಾಡುವ ಕರೆಗಳೆಲ್ಲ ಅವರ ಮನೆಗೇ ಹೋಗುತ್ತವೆ. ಇಳಿದರೆ ಹೊಸಬನಿಗೆ ಲಾಭ. ಪೈಸೆಯ ಮೇಲೆ ವರ್ಷಾನುಗಟ್ಟಲೆ ಕೋರ್ಟು ಕಚೇರಿ ನಡೆದದ್ದು ಅದಕ್ಕೇ.

ಗಡಿಯ ವಿಷಯಕ್ಕೆ ಬರುತ್ತೇನೆ. ಮಾಜಾಳಿಯ ಅಂಗಳದಲ್ಲಿ ನಿಂತರೂ ಫೋನು ಗೋವಾದ ಟವರ್ ಹಿಡಿದರೆ ರೋಮಿಂಗ್. 2007ರ ಮಿತಿಯ ಪ್ರಕಾರ ಬಂದ ಕರೆಗೂ ನಿಮಿಷಕ್ಕೆ 1 ರೂಪಾಯಿ 75 ಪೈಸೆವರೆಗೆ. 2013ರಲ್ಲಿ ಅದು 75 ಪೈಸೆ, 2015ರಲ್ಲಿ 45 ಪೈಸೆ. ಕಂಪನಿಗಳು ಬರುವ ಕರೆಗೆ ರೋಮಿಂಗ್ ಬಿಟ್ಟದ್ದು ಆಮೇಲೆ, ಜಿಯೋ ಬಂದು ಪೈಪೋಟಿ ಬಿಸಿಯಾದಾಗ. ಮಡಗಾಂವ್, ವಾಸ್ಕೋದಲ್ಲಿ ದುಡಿಯುವ ನಮ್ಮ ಹುಡುಗರು ಅಷ್ಟುಕಾಲ ಎರಡು ಸಿಮ್ ಇಟ್ಟುಕೊಂಡು ತಿರುಗಿದರು. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಕರ್ಯ 2011ರಲ್ಲಿ ದೇಶಕ್ಕೆಲ್ಲ ಬಂತಾದರೂ ಸರ್ಕಲ್ ದಾಟುವಂತಿರಲಿಲ್ಲ. ಅದಕ್ಕೆ 2015ರ ಜುಲೈ ತನಕ ಕಾಯಬೇಕಾಯಿತು.

2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು; 2018ರಲ್ಲಿ ವೊಡಾಫೋನ್-ಐಡಿಯಾ ಒಂದಾದವು. ಹತ್ತಕ್ಕೂ ಮೇಲೆ ಇದ್ದ ಕಂಪನಿಗಳಲ್ಲಿ ಈಗ ಉಳಿದದ್ದು ಮೂರು ಖಾಸಗಿ, ಒಂದು ಸರ್ಕಾರಿ. 2024ರ ಜುಲೈಯಲ್ಲಿ ಮೂವರೂ ಒಂದೇ ವಾರದೊಳಗೆ ದರ ಏರಿಸಿದರು. ಅಂಗಡಿ ಮತ್ತೆ ಕಡಿಮೆಯಾದವು, ನೋಡಿ.

ಪೈಪೋಟಿ ಹೆದ್ದಾರಿ ಬದಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಅಂಕೋಲಾ ಪೇಟೆಯಲ್ಲಿ ಯಾರ ಸಿಮ್ಮಾದರೂ ನಡೆದೀತು. ಘಟ್ಟದ ಕಡೆ ಸರಿದಂತೆ ಮನೆ ವಿರಳ, ಕಾಡು ದಟ್ಟ. ಅಲ್ಲಿ ಟವರ್ ಹಾಕಿದ ಖರ್ಚು ಹುಟ್ಟುವುದಿಲ್ಲ. ಇಂಥ ಊರುಗಳಿಗಾಗಿಯೇ 2002ರಿಂದ ಕಂಪನಿಗಳ ಆದಾಯದ ಶೇಕಡಾ 5ರಷ್ಟು ಸಾರ್ವತ್ರಿಕ ಸೇವಾ ನಿಧಿಗೆ ಹೋಗುತ್ತಿದೆ, ಅಂದರೆ ನಮ್ಮ ರೀಚಾರ್ಜಿನಿಂದಲೇ. ಆದರೂ ಕೋವಿಡ್ ಕಾಲದಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಪಾಠ ಕೇಳಿದರು. 2022ರ ಜುಲೈಯಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿ ಒಪ್ಪಿ ಬಿ.ಎಸ್.ಎನ್.ಎಲ್.ಗೆ ವಹಿಸಿತು. ಟವರ್ ನಿಂತ ಮೇಲೂ ಕೆಲಸ ಇದೆ: ಜೂನ್ ಮಳೆಗೆ ಕರೆಂಟು ಹೋದರೆ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಮಾತು. ಆಮೇಲೆ ಡೀಸೆಲ್ ಹೊತ್ತು ತರುವವರು ಬೇಕು.