ಚಂದಾ ಪುಸ್ತಕದಿಂದ ಬ್ಲಾಗಿನವರೆಗೆ: ಒಬ್ಬರೇ ನಡೆಸಿದ ಕನ್ನಡ ಪತ್ರಿಕೆಗಳ ಏಳುಬೀಳು

ಮಂಗಳೂರಿನಲ್ಲಿ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅವರ ಬೆನ್ನಿಗೆ ಬಾಸೆಲ್ ಮಿಶನ್ ಇತ್ತು. ಕನ್ನಡ ಪತ್ರಿಕೋದ್ಯಮ ಅಲ್ಲಿಂದ ಶುರುವಾಯಿತು, ನಿಜ. ಆದರೆ ನಾನು ಇಲ್ಲಿ ಹಿಡಿಯಹೊರಟಿರುವ ವಂಶಾವಳಿ ಬೇರೆ. ಸ್ವಂತ ದುಡ್ಡು, ಸ್ವಂತ ಮೈಬಲ, ಸ್ವಂತ ಹಟ ಈ ಮೂರನ್ನೇ ನಂಬಿ ತಾವೇ ಬರೆದು, ತಾವೇ ತಿದ್ದಿ, ತಾವೇ ಹಂಚಿದವರದು. ಆ ಸಾಲಿನಲ್ಲಿ ಕೊನೆಗೆ ಬಂದು ನಿಂತವರು ಬ್ಲಾಗಿಗರು. ಅವರನ್ನು ಕಂಪ್ಯೂಟರಿನ ಮಕ್ಕಳೆಂದು ಬೇರೆ ಕೂರಿಸುವುದು ರೂಢಿ. ನನಗೆ ಅವರು ಗಳಗನಾಥರ ಮರಿಮಕ್ಕಳಾಗಿಯೇ ಕಾಣುತ್ತಾರೆ.

ವೆಂಕಟೇಶ ತಿರಕೊ ಕುಲಕರ್ಣಿ, ಅಂದರೆ ಗಳಗನಾಥರು (1869–1942), ಮೇಷ್ಟರ ಕೆಲಸದಲ್ಲಿದ್ದವರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಗೆ ಸಂಪಾದಕರಾದರು, ಮುಂದೆ ‘ಸದ್ಗುರು’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಅವರ ಕಾದಂಬರಿಗಳು ಪತ್ರಿಕೆಯ ಕಂತುಗಳಲ್ಲಿ ಓದುಗರ ಮನೆ ಸೇರಿದವು. ಓದುಗರಿಲ್ಲದ ಕಡೆ ಓದುಗರನ್ನು ಹುಟ್ಟಿಸಲು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರು. ಅವರ ಬಗ್ಗೆ ಹೇಳುವವರೆಲ್ಲ ಈ ಗಂಟಿನ ಸುದ್ದಿಯನ್ನು ತ್ಯಾಗದ ಕಥೆಯಾಗಿ ಹೇಳಿ ಮುಗಿಸುತ್ತಾರೆ. ಅದರಲ್ಲಿ ವ್ಯವಹಾರವೂ ಇತ್ತು ಎನ್ನುವುದನ್ನು ಮರೆಯಬಾರದು. ಗಂಟು ಹೊತ್ತು ಬಂದವರಿಗೆ ನಾಲ್ಕಾಣೆ ಕೊಟ್ಟ ಮನುಷ್ಯ ಮುಂದಿನ ಸಲ ‘ಎಲ್ಲಿ, ಕಥೆ ಮುಂದೇನಾಯ್ತು?’ ಎಂದು ಕೇಳುವ ಹಕ್ಕು ಪಡೆಯುತ್ತಿದ್ದ. ಬರೆಯುವವರು ಆ ಹಕ್ಕಿಗೆ ಹೆದರಿ ಬರೆಯುತ್ತಿದ್ದರು. ಒಬ್ಬರ ಪತ್ರಿಕೆ ಇಪ್ಪತ್ತು ವರ್ಷ ಬಾಳಿತೋ ಇಪ್ಪತ್ತು ಸಂಚಿಕೆಗೇ ಮಲಗಿತೋ ಎನ್ನುವುದನ್ನು ಬರಹದ ಗುಣಕ್ಕಿಂತ ಈ ಋಣವೇ ಹೆಚ್ಚಾಗಿ ತೀರ್ಮಾನಿಸಿದೆ ಎಂಬುದು ನನ್ನ ಅನಿಸಿಕೆ.

ಇಪ್ಪತ್ತರ ದಶಕದಿಂದ ಮುಂದಕ್ಕೆ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಆಲೂರು ವೆಂಕಟರಾಯರು 1922ರಲ್ಲಿ ‘ಜಯ ಕರ್ನಾಟಕ’ ತೆಗೆದರು. ಕಾಲೇಜು ಬಿಟ್ಟ ಹುಡುಗ ಶಿವರಾಮ ಕಾರಂತರು ‘ವಸಂತ’ ಹೊರಡಿಸಿದರು. ಕಾರಂತರು ಕಾದಂಬರಿಕಾರರಾಗಿ ಕೈ ಪಳಗಿಸಿಕೊಂಡದ್ದು ತಮ್ಮದೇ ಪತ್ರಿಕೆಯ ಪುಟ ತುಂಬಿಸುವ ಗಡಿಬಿಡಿಯಲ್ಲಿ. ಸರ್ಕಾರಿ ಕೆಲಸ ಬಿಟ್ಟು ಬಂದ ಮಾಸ್ತಿಯವರು 1944ರಿಂದ 1965ರವರೆಗೆ ‘ಜೀವನ’ ಮಾಸಪತ್ರಿಕೆಯ ಸಂಪಾದಕರಾಗಿದ್ದರು. ಇಪ್ಪತ್ತೊಂದು ವರ್ಷ! ತಿಂಗಳು ತಪ್ಪದೆ ಸಂಪಾದಕೀಯ ಬರೆಯುವುದೆಂದರೆ ಏನೆಂದು, ಆರು ತಿಂಗಳು ಬರೆದು ಕೈಬಿಟ್ಟವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬೆಂಗಳೂರಿನ ವೈದ್ಯ ಎಂ. ಶಿವರಾಂ ಅವರದು ಇನ್ನೊಂದು ಜಾತಿಯ ಛಲ. ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರು ಹಗಲೆಲ್ಲ ರೋಗಿಗಳನ್ನು ನೋಡಿ, ಉಳಿದ ಹೊತ್ತಿನಲ್ಲಿ 1942ರಿಂದ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ನಡೆಸಿದರು. ಮುಂದೆ ದೇಶಕ್ಕೆಲ್ಲ ಗೊತ್ತಾದ ಆರ್.ಕೆ. ಲಕ್ಷ್ಮಣ್ ತಮ್ಮ ಎಳೆ ವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೆದರು. ಇಪ್ಪತ್ತೈದು ವರ್ಷ ತುಂಬುತ್ತಿದ್ದಂತೆ, 1967ರಲ್ಲಿ, ರಾಶಿಯವರು ಪತ್ರಿಕೆ ನಿಲ್ಲಿಸಿದರು. ಒಬ್ಬರ ಪತ್ರಿಕೆಗೆ ಇದಕ್ಕಿಂತ ಮರ್ಯಾದೆಯ ಮುಕ್ತಾಯ ನನಗೆ ಕಂಡಿಲ್ಲ. ಎಳೆದಾಡಿ, ಸಂಚಿಕೆ ತಡವಾಗಿ, ಜೋಡಿ ಸಂಚಿಕೆಯಾಗಿ, ಸದ್ದಿಲ್ಲದೆ ಮಾಯವಾಗುವುದೇ ಉಳಿದವರ ಪಾಡು. ‘ಕೊರವಂಜಿ’ಯ ಅಭಿಮಾನಿಗಳು 1983ರಲ್ಲಿ ‘ಅಪರಂಜಿ’ಯನ್ನು ಹುಟ್ಟುಹಾಕಿದರು.

ಈ ಪತ್ರಿಕೆಗಳ ಬೆನ್ನು ಮುರಿದದ್ದು ಬರವಣಿಗೆಯಲ್ಲ, ಬರವಣಿಗೆಯ ಸುತ್ತಲಿನ ಚಾಕರಿ. ಮೊಳೆ ಜೋಡಿಸುವವನ ಹತ್ತಿರ ಕೂತು ಗ್ಯಾಲಿ ಪ್ರೂಫ್ ತಿದ್ದಬೇಕು. ಒತ್ತಕ್ಷರ ಬಿದ್ದುಹೋಗಿದ್ದರೆ ಎರಡನೇ ಪ್ರೂಫು. ಅಚ್ಚಾಗಿ ಬಂದ ಮೇಲೆ ಮನೆಮಂದಿಯೆಲ್ಲ ಹಜಾರದಲ್ಲಿ ಕೂತು ಮಡಿಚಬೇಕು, ಪಟ್ಟಿ ಸುತ್ತಬೇಕು, ಮೈದಾ ಗೋಂದು ಹಚ್ಚಿ ವಿಳಾಸದ ಚೀಟಿ ಅಂಟಿಸಬೇಕು. ಆಮೇಲೆ ಊರುವಾರು ಕಟ್ಟು ಕಟ್ಟಿ ಅಂಚೆಗೆ ಹೊರಬೇಕು. 1898ರ ಅಂಚೆ ಕಾಯಿದೆಯ ಪ್ರಕಾರ ಪತ್ರಿಕೆ ಎಂದು ನೋಂದಾಯಿಸಿಕೊಂಡು ರಿಯಾಯಿತಿ ದರ ಪಡೆಯಬೇಕಾದರೆ ಎರಡು ಷರತ್ತು ಮುಖ್ಯವಾಗಿದ್ದವು: ಸಂಚಿಕೆಗಳ ನಡುವಿನ ಅಂತರ 31 ದಿನ ಮೀರಕೂಡದು, ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಕನ್ನಡದ ಗಂಭೀರ ಸಾಹಿತ್ಯ ಪತ್ರಿಕೆಗಳಲ್ಲಿ ಹಲವು ತ್ರೈಮಾಸಿಕಗಳು. ಅಡಿಗರು 1962ರಲ್ಲಿ ಆರಂಭಿಸಿದ ‘ಸಾಕ್ಷಿ’, ಅನಂತಮೂರ್ತಿಯವರ ‘ರುಜುವಾತು’, 2005ರಲ್ಲಿ ಶುರುವಾಗಿ 2012ರ ಹೊತ್ತಿಗೆ ನಿಂತ ವಿವೇಕ ಶಾನಭಾಗರ ‘ದೇಶ ಕಾಲ’, ಎಲ್ಲ ಮೂರು ತಿಂಗಳಿಗೊಮ್ಮೆ. ಅಂದರೆ ಆ ಕಾಯಿದೆಯ ಕಣ್ಣಿನಲ್ಲಿ ಇವು ರಿಯಾಯಿತಿಗೆ ತಕ್ಕ ‘ಪತ್ರಿಕೆ’ಗಳಾಗುತ್ತಿರಲಿಲ್ಲ. ನಿಧಾನವಾಗಿ ಯೋಚಿಸುವವರಿಗೆ ಹೆಚ್ಚು ಅಂಚೆವೆಚ್ಚ!

ಚಂದಾ ಬರುತ್ತಿದ್ದದ್ದು ಮನಿಯಾರ್ಡರಿನಲ್ಲಿ. ಆ ಫಾರಮಿನ ತುದಿಯಲ್ಲಿ ಹರಿದು ಕೊಡುವ ಕೂಪನ್ ಒಂದಿರುತ್ತಿತ್ತು, ಅದರ ಮೇಲೆ ನಾಲ್ಕು ಸಾಲು ಬರೆಯುವಷ್ಟು ಜಾಗ. ಕಳುಹಿಸಿದವನ ವಿಳಾಸ, ಚಂದಾ ನಂಬರು, ಉಳಿದ ಅಂಚಿನಲ್ಲಿ ‘ಕಳೆದ ತಿಂಗಳ ಲೇಖನ ಚೆನ್ನಾಗಿತ್ತು’ ಅಥವಾ ‘ಮಾರ್ಚ್ ಸಂಚಿಕೆ ತಲುಪಿಲ್ಲ’. ಈಗಿನವರು ಹೆಬ್ಬೆರಳ ಚಿತ್ರ ಒತ್ತಿ ಹೋಗುತ್ತಾರೆ. ಆಗ ಮೆಚ್ಚುಗೆಯ ಜೊತೆ ಹತ್ತು ರೂಪಾಯಿಯೂ ಬರುತ್ತಿತ್ತು.

ಈ ವಸೂಲಿಯನ್ನು ಸಂಕೋಚವಿಲ್ಲದೆ ಮಾಡಿದವರೆಂದರೆ ಚಂಪಾ. ಧಾರವಾಡದಲ್ಲಿ 1964ರಲ್ಲಿ ಚಂದ್ರಶೇಖರ ಪಾಟೀಲ (ಇವರೇ ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ ಕೂಡಿ ಶುರುಮಾಡಿದ ‘ಸಂಕ್ರಮಣ’ ಮುಂದೆ ಚಂಪಾ ಒಬ್ಬರದಾಯಿತು. ಸಭೆಗೆ ಬಂದರೆ ಭಾಷಣದಷ್ಟೇ ಗಟ್ಟಿಯಾಗಿ ಚಂದಾ ಕೇಳುವುದು ಅವರ ಪರಿ. ಕೇಳಿಸಿಕೊಂಡವರು ಗೊಣಗಿದರು, ನಕ್ಕರು, ಕೊಟ್ಟರು. ಪತ್ರಿಕೆ ಅರ್ಧ ಶತಮಾನ ದಾಟಿತು. ನಾಚಿಕೆಪಟ್ಟು ಕೇಳದೆ ಕೂತ ಸಂಪಾದಕರ ಪತ್ರಿಕೆಗಳು ಎಷ್ಟು ಬೇಗ ಮಲಗಿದವೆಂದು ನೋಡಿದರೆ, ಆ ರಸೀತಿ ಪುಸ್ತಕವೂ ಬಂಡಾಯದ ಸಾಧನವೇ ಎನ್ನಬೇಕಾಗುತ್ತದೆ.

ವ್ಯಕ್ತಿಯೊಬ್ಬನ ದನಿಯನ್ನೇ ಬಂಡವಾಳ ಮಾಡಿಕೊಂಡ ಪತ್ರಿಕೆ ಎತ್ತರಕ್ಕೆ ಏರಿದ್ದು ಲಂಕೇಶರಲ್ಲಿ. 1980ರ ಜುಲೈ 6ರಂದು ‘ಲಂಕೇಶ್ ಪತ್ರಿಕೆ’ಯ ಮೊದಲ ಸಂಚಿಕೆ. ಜಾಹೀರಾತು ಬೇಡ ಎಂಬ ತೀರ್ಮಾನ. ಅಂದಮೇಲೆ ಕೊಳ್ಳುವ ಓದುಗನೇ ಏಕೈಕ ಧಣಿ. ‘ಟೀಕೆ ಟಿಪ್ಪಣಿ’ಯಲ್ಲಿ ಅವರು ಮುಖ್ಯಮಂತ್ರಿಯನ್ನೂ ಬೈದರು, ತಾವು ಓದಿದ ಫ್ರೆಂಚ್ ಕವಿಯನ್ನೂ ನೆನೆದರು, ತಮ್ಮ ತೋಟದ ಸುದ್ದಿಯನ್ನೂ ಬರೆದರು. ಇಂದು ಬ್ಲಾಗಿನ ಲಕ್ಷಣವೆಂದು ನಾವು ಹೇಳುವ ಆ ಕಲಸುಮೇಲೋಗರ ಅಲ್ಲಿ ಪೂರ್ತಿಯಾಗಿಯೇ ಇತ್ತು. ಒಬ್ಬರ ಪತ್ರಿಕೆ ಇನ್ನೊಬ್ಬರಿಗೆ ಬಾಗಿಲಾಗಬಲ್ಲದು ಎಂಬುದಕ್ಕೂ ಅದೇ ಸಾಕ್ಷಿ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲೇ. 2000ದ ಜನವರಿಯಲ್ಲಿ ಲಂಕೇಶರು ತೀರಿಕೊಂಡರು. ಮಗಳು ಗೌರಿ ಸಂಪಾದಕಿಯಾದರು, 2005ರಲ್ಲಿ ‘ಗೌರಿ ಲಂಕೇಶ್ ಪತ್ರಿಕೆ’ ಬೇರೆಯಾಯಿತು, 2017ರ ಸೆಪ್ಟೆಂಬರ್ 5ರ ರಾತ್ರಿ ಅವರನ್ನು ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಒಬ್ಬರ ಹೆಸರಿನಲ್ಲಿ ಪತ್ರಿಕೆ ನಡೆಸುವುದಕ್ಕೆ ತೆರಬೇಕಾದ ಬೆಲೆಯಲ್ಲಿ ಚಂದಾ, ಕಾಗದ, ಅಂಚೆ ಮಾತ್ರ ಸೇರಿಲ್ಲ.

ಮಧ್ಯದಲ್ಲಿ ಇನ್ನೊಂದು ಪ್ರಯೋಗ, ಇದು ಸಾಹಿತಿಗಳ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಪುತ್ತೂರಿನಿಂದ 1988ರಲ್ಲಿ ‘ಅಡಿಕೆ ಪತ್ರಿಕೆ’ ಹೊರಟಿತು. ಶ್ರೀಪಡ್ರೆ ಮತ್ತು ಗೆಳೆಯರು ‘ಕೃಷಿಕರ ಕೈಗೆ ಲೇಖನಿ’ ಎಂದು ಹೆಸರಿಟ್ಟೇ ರೈತರನ್ನು ಬರೆಯಲು ಕೂರಿಸಿದರು. ವಿಜ್ಞಾನಿಯ ಉಪದೇಶ ಕಡಿಮೆ, ತೋಟದವನ ಸ್ವಂತ ಅನುಭವ ಹೆಚ್ಚು, ಜೊತೆಗೆ ಬೇಕಾದವರು ವಿಚಾರಿಸಲು ಫೋನ್ ನಂಬರು. ಬ್ಲಾಗು ಮಾಡಬೇಕಾದ ಕೆಲಸವನ್ನು ಬ್ಲಾಗು ಬರುವ ಮೊದಲೇ ಇವರು ಮಾಡಿ ತೋರಿಸಿದ್ದರು.

ಬ್ಲಾಗು ಬರಬೇಕಾದರೆ ಮೊದಲು ಪರದೆಯ ಮೇಲೆ ಕನ್ನಡ ಮೂಡಬೇಕಿತ್ತು. ಯು.ಬಿ. ಪವನಜ 1996ರಲ್ಲೇ ‘ವಿಶ್ವ ಕನ್ನಡ’ ಜಾಲಪತ್ರಿಕೆ ತೆರೆದರು. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂತ್ರಾಂಶ ಕೊಟ್ಟರು. ಆದರೂ ನನ್ನ ಫಾಂಟು ನಿನ್ನ ಗಣಕದಲ್ಲಿಲ್ಲದಿದ್ದರೆ ನನ್ನ ಕಥೆ ನಿನಗೆ ಬರೀ ಚಿತ್ತು. ಯೂನಿಕೋಡ್ ಬಂದು, ವಿಂಡೋಸ್ ಎಕ್ಸ್‌ಪಿಯ ಜೊತೆಗೆ ‘ತುಂಗಾ’ ಫಾಂಟು ಮನೆಮನೆಗೆ ಹೊಕ್ಕ ಮೇಲೆ ದಾರಿ ಸಲೀಸಾಯಿತು. ಗೂಗಲ್ 2003ರಲ್ಲಿ ಬ್ಲಾಗರ್ ಅನ್ನು ಕೊಂಡುಕೊಂಡಿತ್ತು, ವರ್ಡ್‌ಪ್ರೆಸ್ ಹುಟ್ಟಿದ್ದೂ ಅದೇ ವರ್ಷ. ಎರಡೂ ಪುಕ್ಕಟೆ. 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’, 2007ರಲ್ಲಿ ಜಿ.ಎನ್. ಮೋಹನರ ‘ಅವಧಿ’, ಅಬ್ದುಲ್ ರಶೀದರ ‘ಕೆಂಡಸಂಪಿಗೆ’. ಇವು ಹತ್ತು ಮಂದಿ ಕೂಡುವ ಜಗಲಿಗಳಾದರೆ, ಸುತ್ತ ಒಬ್ಬೊಬ್ಬರ ಪುಟ್ಟ ಬ್ಲಾಗುಗಳು ಎದ್ದವು.

2006ರಿಂದ ಸುಮಾರು 2012ರವರೆಗಿನ ಆ ಐದಾರು ವರ್ಷಗಳನ್ನು ಕನ್ನಡ ಗದ್ಯದ ಒಂದು ಸುಗ್ಗಿ ಎಂದೇ ನಾನು ಎಣಿಸುತ್ತೇನೆ. ಸಂಪಾದಕರ ‘ವಿಷಾದಪತ್ರ’ದ ಭಯವಿಲ್ಲದೆ ಬರೆದವರಲ್ಲಿ ಸಾಫ್ಟ್‌ವೇರಿನವರಿದ್ದರು, ಮನೆವಾರ್ತೆ ನೋಡುತ್ತಿದ್ದ ಹೆಂಗಸರಿದ್ದರು, ಅಮೆರಿಕದಲ್ಲಿ ಹಿಮ ಎತ್ತಿಹಾಕುತ್ತ ಊರಿನ ಮಳೆ ನೆನೆಯುವವರಿದ್ದರು. ಕುಂದಾಪುರದ ಮಾತು, ಹವ್ಯಕ ಮಾತು ಅಚ್ಚಿನ ಶಿಷ್ಟ ಕನ್ನಡದ ಅಪ್ಪಣೆ ಕೇಳದೆ ಪುಟ ಏರಿದವು. ಜೊಳ್ಳೂ ಬೇಕಾದಷ್ಟಿತ್ತು. ‘ತುಂಬಾ ದಿನದಿಂದ ಬರೆದಿಲ್ಲ, ಕ್ಷಮಿಸಿ’ ಎಂದು ಶುರುವಾಗುವ ಟಿಪ್ಪಣಿ ಬ್ಲಾಗುಲೋಕದ ಪ್ರತ್ಯೇಕ ಪ್ರಕಾರವೇ ಆಗಿಹೋಯಿತು. ಸಾಮಾನ್ಯವಾಗಿ ಅದೇ ಆ ಬ್ಲಾಗಿನ ಕಡೆಯ ಬರಹವೂ ಆಗಿರುತ್ತಿತ್ತು.

ಇಳಿತಕ್ಕೆ ಎಲ್ಲರೂ ಫೇಸ್‌ಬುಕ್ಕನ್ನು ಬೈಯುತ್ತಾರೆ. ಬೈಗುಳ ಅರ್ಧ ಸರಿ. ಹೊಸ ಬರಹ ಬಂದಾಗ ಓದುಗನಿಗೆ ತಾನಾಗಿ ತಲುಪಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಿತು. ಬ್ಲಾಗುಗಳಿಗೆ ಅದು ಅಂಚೆಯಣ್ಣ ಇದ್ದಹಾಗಿತ್ತು. ಹೊಸ ಮೊಬೈಲುಗಳಲ್ಲಿ ಕನ್ನಡ ಮೊದಮೊದಲು ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಅದು ಸರಿಹೋಗುವಷ್ಟರಲ್ಲಿ ಓದುಗ ವಾಟ್ಸಾಪಿಗೆ ಒಗ್ಗಿದ್ದ. ಇನ್ನರ್ಧ ಕಾರಣ ಬ್ಲಾಗಿನ ಒಳಗೇ ಇತ್ತು. ಮೊಳೆ, ಕಾಗದ, ಗೋಂದು, ಅಂಚೆ ಎಲ್ಲ ಹೋದವು, ಜೊತೆಗೆ ಚಂದಾದಾರನೂ ಹೋದ. ಮುಂಗಡ ಕೊಟ್ಟು ಕಾಯುವವನಿಲ್ಲದ ಮೇಲೆ ಇವತ್ತು ಬರೆಯದಿದ್ದರೆ ಯಾರಿಗೇನು ನಷ್ಟ?

ಹಾಗೆಂದು ನಿಯಮಕ್ಕೆ ಅಪವಾದ ಇಲ್ಲದಿಲ್ಲ. ಮಂಗಳೂರಿನ ಜಿ.ಎನ್. ಅಶೋಕವರ್ಧನ 1975ರಲ್ಲಿ ತೆರೆದ ಅತ್ರಿ ಬುಕ್ ಸೆಂಟರನ್ನು 2012ರಲ್ಲಿ ತಾವಾಗಿಯೇ ಮುಚ್ಚಿ, ಅದೇ ಹೆಸರಿನ ಜಾಲತಾಣಕ್ಕೆ ಬರೆಯಲು ಕೂತರು. ಬೆಟ್ಟ ಹತ್ತಿದ್ದು, ಸೈಕಲ್ಲು ತುಳಿದದ್ದು, ಯಕ್ಷಗಾನ ನೋಡಿದ್ದು, ತಂದೆ ಜಿ.ಟಿ. ನಾರಾಯಣರಾಯರ ಬರಹಗಳು, ಎಲ್ಲ ಅಲ್ಲಿ ಒಪ್ಪವಾಗಿ ಸೇರಿವೆ. ಗಲ್ಲಾಪೆಟ್ಟಿಗೆಯ ಎದುರು ಅಷ್ಟು ವರ್ಷ ಕೂತವರಿಗೆ ದಿನಾ ಬಾಗಿಲು ತೆರೆಯುವ ಶಿಸ್ತು ಯಾರೂ ಕಲಿಸಬೇಕಿರಲಿಲ್ಲವೇನೋ.

ಪತ್ರಿಕೆಯೂ ಬ್ಲಾಗೂ ಇಲ್ಲದ ಕಡೆ ಅನುಭವದ ಮಾತು ಎಲ್ಲಿ ಹೋಗುತ್ತದೆ ಎಂದು ಈಗ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಕಡೆಯಿಂದ ನೋಡಿ. ಆ ಊರಿನ ಹೆಸರಿನಲ್ಲಿ ಹನಿ ನೀರಾವರಿಯ ದೊಡ್ಡ ಯೋಜನೆಯೊಂದಿದೆ. ಮಳೆ ನಂಬಿದ ಹೊಲಗಳಿಗೆ ಕಾವೇರಿ ನೀರನ್ನು ಪೈಪಿನಲ್ಲಿ ತರುವ ಲೆಕ್ಕಾಚಾರ. ಪೇಪರಿನಲ್ಲಿ ಇದು ಕೋಟಿಗಳ ಸುದ್ದಿಯಾಗಿ, ವಿಳಂಬದ ಸುದ್ದಿಯಾಗಿ ಬರುತ್ತದೆ. ಪೈಪು ಹಾದ ಹೊಲದವನು ರಾಗಿ ಬಿಟ್ಟು ಏನು ಬೆಳೆಯಲಿ ಎಂದು ಯೋಚಿಸಿದ್ದು, ಪಕ್ಕದವನ ಜೊತೆ ವಾಲ್ವಿಗೆ ಜಗಳವಾಡಿದ್ದು ಇವೆಲ್ಲ ವಾಟ್ಸಾಪಿನ ಧ್ವನಿ ಸಂದೇಶವಾಗಿ ಗುಂಪಿನಿಂದ ಗುಂಪಿಗೆ ಓಡಿ, ವಾರದಲ್ಲಿ ಫೋನಿನ ಜಾಗ ಖಾಲಿ ಮಾಡುವಾಗ ಅಳಿಸಿಹೋಗುವ ಸರಕು. ಅಡಿಕೆ ತೋಟದವರಿಗೆ ಪುತ್ತೂರಿನಲ್ಲಿ ಸಿಕ್ಕಿದಂಥ ಕಾಗದ ಭತ್ತ, ಕಬ್ಬು, ರಾಗಿಯ ಈ ಸೀಮೆಗೂ ಬೇಕಿತ್ತು. ಹೇಳುವ ಬಾಯಿಗೆ ಇಲ್ಲಿ ಬರವಿಲ್ಲ. ಮಂಟೇಸ್ವಾಮಿಯ ಕಥೆಯನ್ನು ರಾತ್ರಿಗಟ್ಟಲೆ ಹಾಡುವವರ ನೆಲವಿದು.

ಉಳಿಯುವ ಮಾತು ಬಂದಾಗ ಕಾಗದ ಬ್ಲಾಗನ್ನು ಸುಲಭವಾಗಿ ಸೋಲಿಸುತ್ತದೆ. ಇದೇ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ, ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕ, ಹಳೆಯ ಪತ್ರಿಕೆಗಳನ್ನು ಕೂಡಿಹಾಕಿ ‘ಪುಸ್ತಕ ಮನೆ’ ಕಟ್ಟಿದ್ದಾರೆ. ನಿಂತುಹೋದ ಪತ್ರಿಕೆಯ ಬಿಡಿ ಸಂಚಿಕೆಯೂ ಅಂಥ ಕಡೆ ಧೂಳು ಕೊಡವಿಕೊಂಡು ಎದುರು ಬರುವುದುಂಟು. ಬ್ಲಾಗಿಗೆ ಅಂಥ ಮನೆ ಯಾವುದು? ಸ್ವಂತ ವಿಳಾಸ ಕೊಂಡವರು ವರ್ಷದ ಬಾಡಿಗೆ ಕಟ್ಟುವುದನ್ನು ಮರೆತರೆ, ಅಥವಾ ಕಟ್ಟುವವರೇ ಇಲ್ಲವಾದರೆ, ಬರಹವೆಲ್ಲ ಹೋಗಿ ಆ ವಿಳಾಸದಲ್ಲಿ ಜೂಜಿನ ಜಾಹೀರಾತು ಬಂದು ಕೂರುತ್ತದೆ. ಪುಕ್ಕಟೆ ತಾಣದಲ್ಲಿ ಬರೆದವರದು ಕಂಪನಿಯ ಮರ್ಜಿ. 1954ರ ಕಾಯಿದೆಯೊಂದು ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಬೇಕೆನ್ನುತ್ತದೆ. 1956ರ ತಿದ್ದುಪಡಿ ಅದಕ್ಕೆ ಪತ್ರಿಕೆಗಳನ್ನೂ ಸೇರಿಸಿತು. ಅಚ್ಚಿನ ಕಾಲಕ್ಕೆ ಬರೆದ ಆ ಕಾಯಿದೆಯಲ್ಲಿ ಬ್ಲಾಗಿಗೆ ಜಾಗವಿಲ್ಲ. ಬೆಂಗಳೂರಿನ ಯಾವುದಾದರೂ ವಿಶ್ವವಿದ್ಯಾಲಯವೋ ಕನ್ನಡ ಪ್ರಾಧಿಕಾರವೋ 2006–2012ರ ಬ್ಲಾಗುಗಳನ್ನು, ಬರೆದವರ ಒಪ್ಪಿಗೆ ಪಡೆದು, ನಕಲು ತೆಗೆದಿಡಬಹುದು. ಬರೆದವರಲ್ಲಿ ಹೆಚ್ಚಿನವರು ಇನ್ನೂ ನಡುವಯಸ್ಸಿನವರು, ಪಾಸ್‌ವರ್ಡು ನೆನಪಿರುವವರೂ ಇದ್ದಾರೆ.