ಆರು ವರ್ಷದ ಗಡುವು, ಹಿರಿಯರ ಕಾಲಪಟ್ಟಿ: ಮಹಾಪ್ರಬಂಧದ ಯೋಜನೆಗೆ ಕನ್ನಡ ಸಂಶೋಧನೆಯ ಚರಿತ್ರೆಯಿಂದ ಕೆಲವು ಪಾಠಗಳು

ಮಿರಜ ತಾಲೂಕಿನ ಖಂಡೇರಾಜುರಿಯಿಂದ ಮಾತಾಡ್ತಿದ್ದೀನಿ. ನಡುವೆ ನೆಟ್‌ವರ್ಕ್ ಹೋದ್ರೆ ಕ್ಷಮಿಸಿ.

ಪಿಎಚ್.ಡಿ. ಮಾಡಬೇಕು ಅನ್ನೋ ನಮ್ಮಂಥವರನ್ನ ಎಲ್ಲರೂ ಕೇಳೋದು, ವಿಷಯ ಯಾವುದು ಅಂತ. ಇದು ಎಷ್ಟು ವರ್ಷದ ಕೆಲಸ ಅಂತ ಕೇಳೋರು ಕಡಿಮೆ. 2022ರ ಯುಜಿಸಿ ನಿಯಮಾವಳಿಯ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮತ್ತೆ 2 ವರ್ಷದ ರಿಯಾಯಿತಿ ಇದೆ. ಆದರೆ ಜೆಆರ್‌ಎಫ್ ಸಿಕ್ಕವರಿಗೂ ಫೆಲೋಶಿಪ್ ಹೆಚ್ಚೆಂದರೆ 5 ವರ್ಷ. ಅಂದ್ರೆ ಗಡುವಿಗಿಂತ ಒಂದು ವರ್ಷ ಮೊದಲೇ ಹಣ ನಿಲ್ಲುತ್ತದೆ.

ಹಿರಿಯ ವಿದ್ವಾಂಸರ ಕೆಲಸವನ್ನು ನಾವು ‘ತಪಸ್ಸು’ ಅಂತ ಕರೆದು ಕೈಮುಗಿದು ಬಿಡ್ತೀವಿ. ಅವರ ಪುಸ್ತಕಗಳ ಇಸವಿಗಳನ್ನು ಸಾಲಾಗಿ ಬರೆದು ನೋಡಿದರೆ ತಪಸ್ಸಿನ ಒಳಗೆ ಒಂದು ಲೆಕ್ಕಾಚಾರ ಕಾಣುತ್ತದೆ. ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದರು, ನಿಘಂಟು ಹೊರಬಂದದ್ದು 1894ರಲ್ಲಿ. ನಡುವಿನ 41 ವರ್ಷ ಅವರು ಒಂದೇ ಗ್ರಂಥ ಹಿಡಿದು ಕೂತಿರಲಿಲ್ಲ. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಹೀಗೆ ಸಣ್ಣ ಕೆಲಸಗಳನ್ನು ಮುಗಿಸುತ್ತ ದೊಡ್ಡ ಕೆಲಸಕ್ಕೆ ಮೆಟ್ಟಿಲು ಕಟ್ಟಿಕೊಂಡರು.

ಆರ್. ನರಸಿಂಹಾಚಾರ್ಯರ ದಾರಿ ಬೇರೆ. ‘ಕರ್ಣಾಟಕ ಕವಿಚರಿತೆ’ಯನ್ನು ಅವರು ಕಾಲದ ಪ್ರಕಾರ ಪಾಲು ಮಾಡಿದರು. ಎಸ್.ಜಿ. ನರಸಿಂಹಾಚಾರ್ಯರ ಜೊತೆ ಸಿದ್ಧಪಡಿಸಿದ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಬಂತು. ಈ ಅವಧಿಯ ಬಹುಪಾಲು ಅವರ ಹೆಗಲ ಮೇಲೆ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಇತ್ತು. ಎಲ್ಲ ಕವಿಗಳೂ ಸಿಕ್ಕ ಮೇಲೆ ಅಚ್ಚು ಹಾಕಿಸೋಣ ಅಂತ ಅವರು ಕಾಯಲಿಲ್ಲ. ಮೊದಲ ಸಂಪುಟವನ್ನು 1924ರಲ್ಲಿ ತಾವೇ ಪರಿಷ್ಕರಿಸಿದರು. ಮುಗಿಸಿದ್ದನ್ನು ಮತ್ತೆ ತಿದ್ದಬಹುದು. ಮುಗಿಸದೇ ಇದ್ದದ್ದನ್ನು ತಿದ್ದೋಕೂ ಬರೋದಿಲ್ಲ.

ಇದಕ್ಕೆ ಎದುರಾಗಿ ಪರಿಷತ್ತಿನ ಕನ್ನಡ ನಿಘಂಟನ್ನು ನೋಡಿ. ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ. ಆ ಕೆಲಸದ ಮುಂದಾಳಾಗಿದ್ದ ಡಿ.ಎಲ್. ನರಸಿಂಹಾಚಾರ್ 1971ರಲ್ಲೇ ತೀರಿಕೊಂಡರು. ಹಿಂದೆ ಸಂಸ್ಥೆ ಇತ್ತು, ಜಿ. ವೆಂಕಟಸುಬ್ಬಯ್ಯನವರಂಥವರಿದ್ದರು, ಕೆಲಸ ದಡ ಸೇರಿತು. ಒಬ್ಬ ವಿದ್ಯಾರ್ಥಿಯ ಮಹಾಪ್ರಬಂಧಕ್ಕೆ ಅಂಥ ಎರಡನೇ ಕೈ ಇರೋದಿಲ್ಲ.

ನಮ್ಮ ಸಾಂಗಲಿಯದೇ ಇನ್ನೊಂದು ಉದಾಹರಣೆ. ಇಲ್ಲಿನ ವಿಲ್ಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ರಂ.ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ 1953ರಲ್ಲಿ ಬಂತು. ಅಷ್ಟೊತ್ತಿಗೆ ಕವಿಚರಿತೆಯ ಮೂರೂ ಸಂಪುಟ ಎಲ್ಲರ ಕೈಗೆ ಸಿಗುತ್ತಿದ್ದವು. ಸಂಗ್ರಹ ಒಂದು ಕೆಲಸ, ವ್ಯಾಖ್ಯಾನ ಇನ್ನೊಂದು. ಎರಡನ್ನೂ ಪೂರ್ತಿಯಾಗಿ ಆರು ವರ್ಷದಲ್ಲಿ ಮಾಡ್ತೀನಿ ಅನ್ನೋ ಸಾರಲೇಖವನ್ನು ಅನುಮಾನದಿಂದಲೇ ನೋಡಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ‘ಗಡಿನಾಡಿನ ತತ್ವಪದಗಳು’ ಅಂತ ಶೀರ್ಷಿಕೆ ಕೊಟ್ಟರೆ ಮಿರಜ, ಜತ್ತ, ಅಕ್ಕಲಕೋಟೆ ಎಲ್ಲವೂ ಒಳಗೆ ಬರುತ್ತವೆ, ವರ್ಷಗಳು ಹೊರಗೆ ಹೋಗುತ್ತವೆ. ಒಂದೇ ತಾಲೂಕು ಇಟ್ಟುಕೊಂಡರೆ ಮೊದಲ ವರ್ಷ ಕೋರ್ಸ್ ವರ್ಕಿನ ಜೊತೆಗೇ ಹಾಡುವವರ ಪಟ್ಟಿ ಮಾಡಬಹುದು. ಮುಂದಿನ ಎರಡು ವರ್ಷ ಧ್ವನಿಮುದ್ರಣ ಮತ್ತು ಲಿಪ್ಯಂತರ, ನಾಲ್ಕನೇ ವರ್ಷದಿಂದ ಬರವಣಿಗೆ. ಕೊನೆಯ ವರ್ಷವನ್ನು ತಿದ್ದುಪಡಿಗೆ ಖಾಲಿ ಬಿಡಬೇಕು, ಯಾಕಂದ್ರೆ ಫೆಲೋಶಿಪ್ಪು ಆಗ ಇರೋದಿಲ್ಲ. ಊರಿನ ಪಂಚಾಂಗವನ್ನೂ ನಮ್ಮ ಕಾಲಪಟ್ಟಿಗೆ ಸೇರಿಸಬೇಕು ನೋಡ್ರಿ. ಅಕ್ಟೋಬರಿನ ದ್ರಾಕ್ಷಿ ಚಾಟ್ನಿ ಹೊತ್ತಿಗೆ ಹೋದ್ರೆ ಹಾಡೋರೆಲ್ಲ ತೋಟದಲ್ಲಿರ್ತಾರೆ. ಅಮಾವಾಸ್ಯೆ ಭಜನೆಗೆ ಹೋದ್ರೆ ಒಂದೇ ಕಡೆ ಸಿಗ್ತಾರೆ.

ವಿಶ್ವವಿದ್ಯಾಲಯದ ಗಡುವನ್ನ ಅರ್ಜಿ ಕೊಟ್ಟು ಮುಂದೆ ಹಾಕಿಸಬಹುದು. ಎಪ್ಪತ್ತೈದು ದಾಟಿದ ಹಾಡುಗಾರರ ವಯಸ್ಸಿಗೆ ಮರುನೋಂದಣಿ ಇಲ್ಲ. ಹಾಗಾಗಿ ಯೋಜನೆಯಲ್ಲಿ ಮೊದಲು ಬರೆಯಬೇಕಾದ್ದು ಅಧ್ಯಾಯಗಳ ಹೆಸರಲ್ಲ, ಯಾರ ಮನೆಗೆ ಮೊದಲು ಹೋಗಬೇಕು ಅನ್ನೋದು. ಉಳಿದದ್ದನ್ನು ಚರ್ಚೆಗೆ ಬಿಡ್ತೀನಿ.