ಬೆಳಗಾವಿಯ ರೆಕಾರ್ಡ್ ಆಫೀಸೂ ನಮ್ಮ ಮಿಲಿಟರಿ ಮನೆಗಳೂ



ಬೆಳ್ಳಿಹಬ್ಬದ ಸಂಚಿಕೆಗೆ ಊರಿನ ಇತಿಹಾಸ ಕುರಿತು ಏನಾದರೂ ಬರೆದುಕೊಡಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಗುಡಿ, ಕೆರೆ, ಶಾಲೆಗಳ ವಿಷಯ ಬೇರೆಯವರು ಬರೆಯುತ್ತಿದ್ದಾರೆ. ನಾನು ಮಿಲಿಟರಿ ಮನೆಗಳ ಕಥೆ ಆರಿಸಿಕೊಂಡೆ. ನಮ್ಮ ಭಾಗದ ಹಳ್ಳಿಗಳಲ್ಲಿ ಪಲ್ಟಣಕ್ಕೆ ಹೋದವರಿಲ್ಲದ ಓಣಿ ಸಿಗುವುದು ಅಪರೂಪ. ಆ ಮನೆಗಳಿಗೂ ಬೆಳಗಾವಿಯ ಒಂದು ಕಚೇರಿಗೂ ನೂರು ವರ್ಷದ ನಂಟಿದೆ.

ಮರಾಠಾ ಲೈಟ್ ಇನ್‌ಫಂಟ್ರಿಯ ಮೊದಲ ಪಲ್ಟಣ ಕಟ್ಟಿದ್ದು 1768ರಲ್ಲಿ, ಮುಂಬೈಯ ಈಸ್ಟ್ ಇಂಡಿಯಾ ಕಂಪನಿಯವರು. ಅದನ್ನೇ ಇಂದಿಗೂ ಜಂಗಿ ಪಲ್ಟಣ ಎನ್ನುತ್ತಾರೆ. ಮರುವರ್ಷ ಹುಟ್ಟಿದ್ದು ಕಾಳಿ ಪಾಂಚವಿ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1922ರಲ್ಲಿ, ಬೇರೆ ಬೇರೆ ಸಂಖ್ಯೆಗಳ ಆರು ಪಲ್ಟಣಗಳನ್ನು ಕೂಡಿಸಿ ಒಂದೇ ರೆಜಿಮೆಂಟ್ ಮಾಡಿದರು. ಅವುಗಳಲ್ಲಿ 114ನೆಯ ಪಲ್ಟಣ 1918ರ ಅಕ್ಟೋಬರದಲ್ಲಿ ಇರಾಕಿನ ಶರ್ಕತ್ ಎಂಬಲ್ಲಿ ಭಾರಿ ಹೆಸರು ಮಾಡಿತ್ತು. ಅದನ್ನೇ ತರಬೇತಿ ಪಲ್ಟಣವನ್ನಾಗಿ ಮಾಡಿ ಬೆಳಗಾವಿಯಲ್ಲಿ ನೆಲೆಗೊಳಿಸಿದರು. ಈಗಿನ ರೆಜಿಮೆಂಟಲ್ ಸೆಂಟರಿನ ಮೂಲ ಅದು. ಹೊಸ ಹುಡುಗರಿಗೆ ಕವಾಯತು ಕಲಿಸಿದ್ದು ಹೀಗೆ ಕಾದು ಬಂದವರೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಹೆಸರು ಮರಾಠಾ ಎಂದಿದ್ದರೂ ಸಾತಾರಾ, ಕೊಲ್ಹಾಪುರ, ರತ್ನಾಗಿರಿ ಕಡೆಯವರ ಜೊತೆ ಬೆಳಗಾವಿ ಭಾಗದ ಕನ್ನಡ ಮನೆಗಳ ಹುಡುಗರೂ ಅದರಲ್ಲಿ ದುಡಿದಿದ್ದಾರೆ. ಮನೆಯಲ್ಲಿ ಕನ್ನಡ, ಪಲ್ಟಣದಲ್ಲಿ ಮರಾಠಿ-ಹಿಂದಿ. ರಜೆಗೆ ಬಂದವರ ಮಾತಿನಲ್ಲಿ ಮೂರೂ ಕಲಸಿಕೊಂಡಿರುತ್ತಿದ್ದವು, ನಾವು ಹುಡುಗರು ಅದನ್ನೇ ಅಣಕಿಸುತ್ತಿದ್ದೆವು.

ಎರಡನೆಯ ಮಹಾಯುದ್ಧದಲ್ಲಿ ಇಟಲಿಯವರೆಗೆ ಹೋಗಿ ಈ ರೆಜಿಮೆಂಟಿನ ಇಬ್ಬರು ವಿಕ್ಟೋರಿಯಾ ಕ್ರಾಸ್ ಪಡೆದರು. 1944ರಲ್ಲಿ ನಾಯಕ ಯಶವಂತ ಘಾಡಗೆ, ಅವರು ಅಲ್ಲಿಯೇ ಮಡಿದರು. 1945ರಲ್ಲಿ ಸಿಪಾಯಿ ನಾಮದೇವ ಜಾಧವ. 1971ರ ಡಿಸೆಂಬರದಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಜಂಗಿ ಪಲ್ಟಣ ಜಮಾಲಪುರದಲ್ಲಿ ಕಾದಿತು. ಅಲ್ಲಿಂದ ಮುಂದೆ ಸಾಗಿ, ಟಂಗಾಯಿಲ್‌ನಲ್ಲಿ ವಿಮಾನದಿಂದ ಧುಮುಕಿದ್ದ ಪ್ಯಾರಾಚೂಟ್ ಪಲ್ಟಣವನ್ನು ಕೂಡಿಕೊಂಡಿತು. ಆ ಪ್ಯಾರಾಚೂಟ್ ಪಲ್ಟಣವೂ ಮೊದಲು ಮರಾಠಾ ರೆಜಿಮೆಂಟಿನದೇ. ಹಳೇ ಮನೆಯ ಅಣ್ಣತಮ್ಮಂದಿರು ಪರದೇಶದಲ್ಲಿ ಭೇಟಿಯಾದಂತೆ.

ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿದ್ದ ಪಲ್ಟಣ ಬೇರೆ. ಅದು ಸೆಂಟರಿನ ಮಗ್ಗುಲಿನ ರೆಕಾರ್ಡ್ ಆಫೀಸು. ಜವಾನ ಎಲ್ಲಿಯೇ ಇರಲಿ, ಅವನ ಊರು, ತಂದೆತಾಯಿ, ಲಗ್ನ, ಮಕ್ಕಳು, ವಾರಸುದಾರರು ಎಲ್ಲ ಅಲ್ಲಿನ ಕಾಗದದಲ್ಲಿ ದಾಖಲು. ಲಗ್ನವಾದರೆ ಪಾರ್ಟ್ ಟೂ ಆರ್ಡರ್, ಕೂಸು ಹುಟ್ಟಿದರೆ ಮತ್ತೊಂದು. ಅವನು ತೀರಿಕೊಂಡರೆ ಮನೆಯವರ ಕೈಹಿಡಿಯುವುದೂ ಅದೇ ಕಾಗದ.

ಹಿಂದಿನ ಯುದ್ಧಗಳಲ್ಲಿ ಮಡಿದವರ ಸಂಸ್ಕಾರ ಬಹುತೇಕ ರಣರಂಗದ ಕಡೆಗೇ ಆಗುತ್ತಿತ್ತು. ಮನೆಗೆ ಬರುತ್ತಿದ್ದುದು ತಾರು, ಆಮೇಲೆ ಬಿಳಿ ಬಣ್ಣದಲ್ಲಿ ಹೆಸರು-ನಂಬರು ಬರೆದ ಕರಿ ಟ್ರಂಕು. 1999ರ ಕಾರ್ಗಿಲ್ ಯುದ್ಧದಿಂದೀಚೆಗೆ ಪಾರ್ಥಿವ ಶರೀರವನ್ನೇ ಊರಿಗೆ ತರುವ ರೂಢಿ ಬಂತು. ಊರೆಲ್ಲ ನೆರೆಯುತ್ತದೆ, ಗುಂಡು ಹಾರಿಸುತ್ತಾರೆ, ಮಡಚಿದ ತಿರಂಗವನ್ನು ಮನೆಯವರ ಕೈಗೆ ಕೊಡುತ್ತಾರೆ. ಮರುದಿನದಿಂದ ಮಾತ್ರ ಮತ್ತೆ ಅದೇ ಕಾಗದ.

ಈ ಕಾಗದದ ತಾಪತ್ರಯ ನಾನು ಹತ್ತಿರದಿಂದ ಕಂಡವನು. ನಮ್ಮ ಸಂಬಂಧದಲ್ಲಿ ಒಬ್ಬ ಅಜ್ಜಿ. ಶಾಲೆ ದಾಖಲೆಯಲ್ಲಿ ತವರಿನ ಹೆಸರು. ನಮ್ಮ ಕಡೆ ಅಕ್ಕಿಯಲ್ಲಿ ಬರೆದು ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಉಂಟಲ್ಲ, ಪಲ್ಟಣದ ಕಾಗದದಲ್ಲಿ ಆ ಹೆಸರು. ರೇಷನ್ ಕಾರ್ಡಿನಲ್ಲಿ ಓಣಿಯವರು ಕರೆಯುವ ಮೂರನೆಯ ಹೆಸರು. ಅಜ್ಜ ತೀರಿಕೊಂಡಾಗ, ಮೂವರಲ್ಲಿ ಹೆಂಡತಿ ಯಾರು ಎಂಬ ಪ್ರಶ್ನೆ ಎದ್ದಿತು! "ಐವತ್ತು ವರ್ಸ ಅವರಿಗೆ ರೊಟ್ಟಿ ಬಡದೇನ್ರಿ, ನಾ ಯಾರಂತ ನನ್ನs ಕೇಳ್ತಾರಲ್ಲ" ಎಂದು ಅಜ್ಜಿ ನಗುತ್ತಲೇ ಕಣ್ಣು ಒರೆಸಿಕೊಂಡರು. ಅಫಿಡವಿಟ್, ಪಂಚರ ಸಹಿ, ತಹಶೀಲ್ದಾರರ ದಾಖಲೆ ಎಂದು ಎರಡು ವರ್ಷ ತಿರುಗಿದೆವು. ಕಾರಕೂನರು ಕೆಟ್ಟವರಲ್ಲ. ಮೂರು ಹೆಸರು ಕಂಡರೆ ಯಾರೇ ಆದರೂ ತಡೆಯುತ್ತಾರೆ. ಅಜ್ಜ ಬದುಕಿದ್ದಾಗಲೇ ಒಂದು ಅರ್ಜಿ ಕೊಟ್ಟಿದ್ದರೆ ಮುಗಿಯುತ್ತಿತ್ತು.

ಇಂಥವರಿಗೆ ದಾರಿ ತೋರಿಸಲು ಜಿಲ್ಲೆಯಲ್ಲಿ ಸೈನಿಕ ಕಲ್ಯಾಣ ಕಚೇರಿ ಇದೆ. ಮೊದಲನೆಯ ಮಹಾಯುದ್ಧದ ಕಾಲದ ಸೋಲ್ಜರ್ಸ್ ಬೋರ್ಡಿನ ಮುಂದುವರಿಕೆ ಅದು. ಡಿಸೆಂಬರ್ 7ರಂದು ಶಾಲೆಯಲ್ಲಿ ಮಕ್ಕಳಿಗೆ ಧ್ವಜ ಕೊಟ್ಟು ಹಣ ಕೂಡಿಸುತ್ತಾರಲ್ಲ, 1949ರಿಂದ ನಡೆದ ಆ ಧ್ವಜ ದಿನದ ನಿಧಿಯೂ ಮಾಜಿ ಸೈನಿಕರ ಮನೆಗಳಿಗಾಗಿಯೇ. ಈಗ ಪೆನ್ಶನ್ ಎಲ್ಲ ಪ್ರಯಾಗರಾಜದ ಕಚೇರಿಯಿಂದ ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಸೇರಿದೆ. ವರ್ಷಕ್ಕೊಮ್ಮೆ ಬದುಕಿದ್ದೇವೆ ಎಂದು ಗುರುತು ಕೊಡಬೇಕು. ದುಡಿದು ಸವೆದ ಬೆರಳು ಯಂತ್ರಕ್ಕೆ ಸಿಗುವುದಿಲ್ಲ, ಅದು ಇನ್ನೊಂದು ಗೋಳು.

ಇನ್ನು ಅಗ್ನಿವೀರರ ಮಾತು. 2022ರ ಯೋಜನೆಯಂತೆ ಸೇರಿದವರ ತರಬೇತಿ ಈ ಸೆಂಟರಿನಲ್ಲಿಯೂ 2023ರಲ್ಲಿ ಆರಂಭವಾಯಿತು. ಕಸಂ ಪರೇಡಿಗೆ ತಂದೆತಾಯಿಗಳನ್ನು ಕರೆಯುತ್ತಾರೆ. ಧೋತರ, ಟೊಪ್ಪಿಗೆಯ ನಮ್ಮ ರೈತರು ಮೈದಾನದ ಅಂಚಿನಲ್ಲಿ ಕುಳಿತು ಮಗನನ್ನು ಗುರುತು ಹಿಡಿಯಲು ಹೆಣಗುವುದು ನೋಡುವಂಥದ್ದು. ಆದರೆ ನಾಲ್ಕು ವರ್ಷದ ನಂತರ ಉಳಿಸಿಕೊಳ್ಳುವುದು ನೂರಕ್ಕೆ 25ರವರೆಗೆ ಮಾತ್ರ. ಉಳಿದವರು ಸೇವಾನಿಧಿಯ ಸುಮಾರು 11.71 ಲಕ್ಷ ರೂಪಾಯಿ ಪಡೆದು ಮನೆಗೆ. ಪೆನ್ಶನ್ ಇಲ್ಲ. ನಮ್ಮ ಮನೆಗಳನ್ನು ಬೆಳಗಾವಿಗೆ ಜೀವಮಾನವಿಡೀ ಕಟ್ಟಿದ್ದ ಹಗ್ಗವೇ ಪೆನ್ಶನ್. ಅದಿಲ್ಲದೆ, ಇಪ್ಪತ್ತೈದರ ಹುಡುಗನನ್ನು ಪಲ್ಟಣ ಎಷ್ಟು ದಿನ ನೆನೆದೀತು? ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸಲು ನಾನು ಕುಳಿತಿಲ್ಲ. ತಿರುಗಿ ಬಂದವನು ಮೊದಲು ಬರುವುದು ನಮ್ಮ ಸಂಘದ ಕಟ್ಟೆಗೆ ಎಂಬುದಂತೂ ಗೊತ್ತಿದೆ. ಆ ಹಣ ಒಂದು ಟ್ರ್ಯಾಕ್ಟರಿಗೋ ತಂಗಿಯ ಲಗ್ನಕ್ಕೋ ಕರಗುವ ಮೊದಲು ಠೇವಿನ ಮಾತು, ಧಂದೆಯ ಮಾತು ಆಡುವ ಹಿರಿಯರು ಆ ದಿನ ಅಲ್ಲಿರಬೇಕು.

ಸಂಘದ ಮ್ಯಾನೇಜರರ ಹತ್ತಿರ ಒಂದು ಹೊಸ ವಹಿ ಕೊಟ್ಟಿದ್ದೇನೆ. ಮಿಲಿಟರಿಯಲ್ಲಿ ಇರುವವರ, ಇದ್ದವರ ಹೆಸರು, ನಂಬರು, ಪಲ್ಟಣ, ಹೆಂಡತಿಯ ಹೆಸರು, ಅದು ಆಧಾರದಲ್ಲಿಯೂ ರೆಕಾರ್ಡಿನಲ್ಲಿಯೂ ಒಂದೇ ಇದೆಯೇ ಎಂಬುದನ್ನು ಬರೆಸಬೇಕು. ಮನೆಯವರು ಕಾಗದ ತಂದರೆ ಸೋಮವಾರ ಮುಂಜಾನೆ ನಾನು ಅಲ್ಲಿಯೇ ಇರುತ್ತೇನೆ. ಕಳೆದ ವಾರದವರೆಗೆ ಒಂಬತ್ತು ಮನೆಯವರು ಬರೆಸಿದ್ದಾರೆ, ನಾಲ್ಕರಲ್ಲಿ ಹೆಸರು ತಾಳೆಯಾಗಿಲ್ಲ.